ಎರಡು ಫೈಲಿನ ನಡುವಿನ ಜೋಗುಳ

ಆಸ್ಪತ್ರೆಯಿಂದ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಾಗ ಅದರ ಮುಷ್ಟಿ ಬಿಗಿಯಾಗಿತ್ತು. ಮೆಲ್ಲಗೆ ಒಂದೊಂದೇ ಬೆರಳು ಬಿಡಿಸಿ ನೋಡಿದೆ. ಅಂಗೈಯೊಳಗೆ ಹತ್ತಿಯ ಒಂದು ಎಳೆ. ಹುಟ್ಟಿ ವಾರವಾಗಿಲ್ಲ, ಆಗಲೇ ಏನೋ ಸಂಪಾದನೆ ಮಾಡಿಕೊಂಡು ಬಂದಿದ್ದಾಳೆ! ನಾನು ನಕ್ಕ ನಗುವಿಗೆ ಎದುರು ಮನೆಯವರು ಬಾಗಿಲಿಗೆ ಬಂದರು. ದೊಡ್ಡ ಮಗಳಿಗೆ ಇಬ್ಬರೂ ಗಂಡು. ಚಿಕ್ಕ ಮಗಳ ಈ ಕೂಸೇ ನಮ್ಮ ಮನೆಯ ಮೊದಲ ಹೆಣ್ಣು ಮೊಮ್ಮಗು. ಆವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿದ್ದೇ ಇಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಬರೆದರೆ ಅಕ್ಷರ ದಪ್ಪ ದಪ್ಪ ಬರುತ್ತವೆ, ಒತ್ತು ಒಮ್ಮೊಮ್ಮೆ ಬಿಟ್ಟುಹೋಗುತ್ತವೆ. ಆದರೂ ಆ ವಾರ ನಮ್ಮ ಮನೆಯ ಹಾಲ್‌ನಲ್ಲಿ ಕಂಡದ್ದನ್ನು ಬರೆಯದೆ ಇರಲಾರೆ. ಈಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ.

ನಮ್ಮ ಮನೆಯಲ್ಲಿ ಒಂದು ಜೋಗುಳ ಉಂಟು. ಅದನ್ನು ಹಾಡದೆ ಯಾವ ಮಗುವನ್ನೂ ತೊಟ್ಟಿಲಿಗೆ ಹಾಕಿದ್ದಿಲ್ಲ. ಹಾಡುತ್ತಿದ್ದವರು ನಮ್ಮ ಅತ್ತೆ. ನಾನು ಮದುವೆಯಾಗಿ ಸುದ್ದಗುಂಟೆಪಾಳ್ಯಕ್ಕೆ ಬಂದಾಗ ಮನೆಯ ಹಿಂದೆಯೇ ರಾಗಿ ಹೊಲ. ಆಮೇಲೆ ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಮನೆಯಾಯಿತು, ಮನೆಯ ಮೇಲೆ ಬಾಡಿಗೆ ಮನೆ ಎದ್ದಿತು. ಅತ್ತೆಯ ಜೋಗುಳ ಮಾತ್ರ ಬದಲಾಗಲಿಲ್ಲ. ನನ್ನ ಮಕ್ಕಳಿಗೂ ಅದೇ, ಮಕ್ಕಳ ಮಕ್ಕಳಿಗೂ ಅದೇ. ಆ ಹಾಡು ನನಗೆ ತಲೆ ಗೊತ್ತು, ಬಾಲ ಗೊತ್ತು, ನಡು ಗೊತ್ತಿರಲಿಲ್ಲ. ಯಾಕೆಂದರೆ ಶುರುವಿನಲ್ಲಿ ನಾನು ಗುಗ್ಗರಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಕೊನೆಯಲ್ಲಿ ಆರತಿ ತಟ್ಟೆ ಹಿಡಿದು ಬರುತ್ತಿದ್ದೆ. ನಡುವೆ ಒಲೆ ಮುಂದೆ ಕಜ್ಜಾಯ ಕರಿಯುತ್ತಿದ್ದೆ. ಸೊಸೆಗೆ ಶಾಸ್ತ್ರದ ದಿನ ಅಡಿಗೆಮನೆ ಬಿಟ್ಟು ಬೇರೆ ಜಾಗ ಎಲ್ಲಿರುತ್ತೆ? ಆ ನಡುವಿನಲ್ಲೇ ಮಗುವಿನ ಹೆಸರು ಬರುವುದು. ಹಾಡಿನ ಜೀವ ಅಲ್ಲೇ.

ಆ ವಾರಕ್ಕೆ ಅತ್ತೆ ಹೋಗಿ ಎರಡು ವರ್ಷ. ಶುಕ್ರವಾರ ತೊಟ್ಟಿಲ ಶಾಸ್ತ್ರ. ಹಾಡುವವಳು ನಾನು.

"ಬರೋದಷ್ಟು ಹಾಡು, ಮಿಕ್ಕಿದ್ದು ಲಲ್ಲಾ ಲಲ್ಲಾ ಅನ್ನು, ಯಾರಿಗೆ ಗೊತ್ತಾಗ್ತದೆ?" ಅಂದರು ನಮ್ಮ ಯಜಮಾನರು.

"ಮನೆಗೆ ಬಂದಿರೋ ಮೊದಲ್ನೇ ಹೆಣ್ಣುಮಗೂಗೆ ಲಲ್ಲಾ ಅಂತ ಹೆಸ್ರಿಡ್ಲಾ?" ಅಂದೆ. ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ದೊಡ್ಡ ಮಗಳ ಮೊದಲ ಮಗನ ಶಾಸ್ತ್ರಕ್ಕೆ ವಿಡಿಯೋ ಮಾಡಿಸಿದ್ದೆವಲ್ಲ ಎಂದು ನೆನಪಾಯಿತು. ತೊಂಬತ್ತರ ದಶಕದ ಮಾತು ಅದು. ವಿಡಿಯೋದವನು ತಂದಿದ್ದ ಲೈಟಿನ ಝಳಕ್ಕೆ ಮಗು, ಅಜ್ಜಿ, ಬಾಣಂತಿ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡೇ ಕೂತಿದ್ದರು. ಕ್ಯಾಸೆಟ್ ಬಂದ ದಿನ ಬೀದಿಯವರನ್ನೆಲ್ಲ ಕರೆದು ಟೀವಿಗೆ ಹಾಕಿದೆವು. ಅತ್ತೆ ತೊಟ್ಟಿಲು ತೂಗುತ್ತಾರೆ, ಬಾಯಿ ತೆರೆಯುತ್ತಾರೆ, ಅವರ ಬಾಯಿಂದ ಗಂಡಸಿನ ದನಿಯಲ್ಲಿ ಸಿನಿಮಾ ಹಾಡು ಬರುತ್ತದೆ! ವಿಡಿಯೋದವನು ಅಲ್ಲಿದ್ದ ಸದ್ದನ್ನೆಲ್ಲ ತೆಗೆದು ಉದ್ದಕ್ಕೂ ಸಿನಿಮಾ ಹಾಡು ತುಂಬಿದ್ದ. ಎಲ್ಲರಿಗಿಂತ ಜಾಸ್ತಿ ನಕ್ಕವರು ಅತ್ತೆಯೇ. "ನೋಡ್ರೇ, ನನ್ ಗಂಟ್ಲಾಗೆ ಗಂಡ್ಸು ಕುಂತವ್ನೆ!" ನಾನು ಅವನನ್ನು ಕೇಳಿದ್ದಕ್ಕೆ, "ಸಾಂಗ್ ಹಾಕಿಲ್ಲ ಅಂದ್ರೆ ಯಾರು ನೋಡ್ತಾರೆ ಆಂಟಿ? ಎಲ್ರೂ ಹಾಕಿಸ್ತಾರೆ" ಅಂದ. ಮೊದಲಿನ ಟೇಪಿನ ಮೇಲೆ ಬೇರೆ ಯಾರದೋ ಗೃಹಪ್ರವೇಶ ತೆಗೆದುಬಿಟ್ಟಿದ್ದನಂತೆ. ಹಾಗಾಗಿ ಆ ಕ್ಯಾಸೆಟ್ಟಿನಲ್ಲಿ ನಮ್ಮ ಅತ್ತೆಗೆ ತುಟಿ ಇದೆ, ದನಿ ಇಲ್ಲ.

ದಾರಿ ತೋರಿಸಿದವಳು ಮಹಡಿ ಮನೆಯ ಹೆಣ್ಣುಮಗಳು. ಗದಗದ ಕಡೆಯವಳು, ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು. ಅವಳ ತಾಯಿಗೆ ಹುಷಾರಿಲ್ಲದ್ದರಿಂದ ಅವಳ ಬಾಣಂತನ ನಮ್ಮ ಮನೆಯ ಮಹಡಿಯಲ್ಲೇ ಆಗಿತ್ತು. ಅತ್ತೆ ಆ ವಯಸ್ಸಿನಲ್ಲಿ ಕಂಬಿ ಹಿಡಿದು ಮೆಟ್ಟಿಲು ಹತ್ತಿ ಅವಳ ಮಗನನ್ನು ತೊಟ್ಟಿಲಿಗೆ ಹಾಕಿ ಬಂದಿದ್ದರು. ನಾನು ಹಾಡಿನ ಚಿಂತೆ ಹೇಳಿದ್ದೇ ತಡ, ಅವಳು ಹಣೆ ಬಡಿದುಕೊಂಡಳು.

"ಅಯ್ಯ ಅಮ್ಮಾರ, ಮೊದ್ಲs ಹೇಳಬಾರದೇನ್ರಿ! ಅವತ್ತ ನಮ್ಮನಿಯವ್ರು ಹೊಸಾ ಫೋನಿನ್ಯಾಗ ವಿಡಿಯೋ ಹಿಡದಾರ್ರಿ. ಫೋನ್ ತುಂಬಿದ ಮ್ಯಾಲೆ ಅವರ ದೋಸ್ತ ಕ್ಯಾಮೆರಾದಾಗ ಹಿಡದ್ರು. ಸೀಡಿಗೆ ಹಾಕಿಟ್ಟೀವಿ ನೋಡ್ರಿ."

ಆ ಕ್ಷಣ ನನಗೆ ಅವಳ ಕಾಲು ಹಿಡಿಯೋಣ ಅನ್ನಿಸಿತು. ವಯಸ್ಸಿನಲ್ಲಿ ಚಿಕ್ಕವಳಾದ್ದರಿಂದ ಕೆನ್ನೆ ಹಿಡಿದೆ.

ಹಾಲಿನ ಮೂಲೆಯಲ್ಲಿ ನನ್ನ ಮಗಳ ಕಂಪ್ಯೂಟರ್ ಇತ್ತು. ಆಯುಧಪೂಜೆಗೆ ನಾನಿಟ್ಟ ಕುಂಕುಮ ಇನ್ನೂ ಅದರ ಹಣೆಯ ಮೇಲಿತ್ತು. ವಿಡಿಯೋ ತುಂಡು ಮಾಡಿ ಜೋಡಿಸುವ ಸಾಫ್ಟ್‌ವೇರ್ ಅದರಲ್ಲಿದೆ, ಮಗಳಿಗೆ ಅದು ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಆದರೆ ಮಗಳು ಬಾಣಂತಿ. ತಲೆಗೆ ಬಟ್ಟೆ ಕಟ್ಟಿ, ಎರಡೂ ಕಿವಿಗೆ ಹತ್ತಿ ಇಟ್ಟು, ಕಿಟಕಿ ಮುಚ್ಚಿದ ರೂಮಿನಲ್ಲಿ ಮಲಗಿಸಿದ್ದವಳು ನಾನೇ. ಬಾಣಂತಿ ಟೀವಿ, ಕಂಪ್ಯೂಟರ್ ನೋಡಿದರೆ ಕಣ್ಣು ಹಾಳು. ಕಿವಿಗೆ ಗಾಳಿ ಹೊಕ್ಕರೆ ಜೀವಮಾನ ತಲೆನೋವು. ನನ್ನ ಅತ್ತೆ ನನಗೆ ಹೀಗೇ ಮಾಡಿದ್ದರು, ನಾನು ದೊಡ್ಡವಳಿಗೂ ಹೀಗೇ ಮಾಡಿದ್ದೆ.

"ಅಮ್ಮ, ಐದೇ ನಿಮಿಷ ಎದ್ದು ಬರ್ತೀನಿ, ನಾನೇ ಮಾಡ್ತೀನಿ."

"ಸುಮ್ನೆ ಮಲಕ್ಕೊ. ನಿನ್ ಕಣ್ಣು ಹೋದ್ರೆ ನಿಮ್ಮತ್ತೆಗೆ ನಾನೇನ್ ಹೇಳ್ಲಿ?"

ಹೀಗಾಗಿ ಬಲ್ಲವಳು ಒಳಗೆ, ಮಿಷನ್ನು ಹೊರಗೆ, ನಡುವೆ ಓಡಾಡುವವಳು ನಾನು. ಮಹಡಿಯವಳು ರಜೆ ಹಾಕಿ ಬಂದು ಕಂಪ್ಯೂಟರ್ ಮುಂದೆ ಕೂತಳು. ಅವಳಿಗೆ ಆಫೀಸಿನ ಲೆಕ್ಕದ ಕೆಲಸ ಬರುತ್ತಿತ್ತೇ ಹೊರತು ವಿಡಿಯೋ ವಿದ್ಯೆ ಬರುತ್ತಿರಲಿಲ್ಲ. ಮಗಳ ಕಿವಿಯಲ್ಲಿ ಹತ್ತಿ ಇದ್ದುದರಿಂದ ಕಿರುಚಿಯೇ ಹೇಳಬೇಕು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಏನಾಗುತ್ತಿದೆ ಎಂದು ಆವತ್ತು ಇಡೀ ಬೀದಿಗೆ ಗೊತ್ತಾಯಿತು.

ಸೀಡಿಯಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿ, ಮೊದಲು ಕ್ಯಾಮೆರಾದ ಫೈಲು ಒತ್ತಿದಳು. ಅದು ಸಲೀಸಾಗಿ ಸಾಫ್ಟ್‌ವೇರಿನೊಳಗೆ ಹೋಯಿತು. ಪರದೆ ತುಂಬ ನಮ್ಮ ಅತ್ತೆ! ಬಿಳೀ ಕೂದಲು, ಮೂಗಿನ ಎರಡೂ ಕಡೆ ಬೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಲ ಹಗ್ಗ ಎಳೆಯುತ್ತಿದ್ದಾರೆ. ದನಿಯೂ ಅವರದೇ, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ನಾನು ಗೊತ್ತಿಲ್ಲದೆಯೇ ಎದ್ದು ನಿಂತೆ. ಅತ್ತೆ ಎದುರಿಗೆ ಕೂತು ಅಭ್ಯಾಸವಿಲ್ಲ ನನಗೆ. ಮಹಡಿಯವಳು ಕುರ್ಚಿ ಸರಿಸಿ, "ಕೂಡ್ರಿ ಅಮ್ಮಾರ, ಅವ್ರೇನೂ ಬೈಯೂದಿಲ್ಲ" ಅಂದಳು.

ಆದರೆ ಅದು ಹಾಡಿನ ಕೊನೆ ಭಾಗ, ನನಗೆ ಗೊತ್ತಿದ್ದ ಬಾಲ. ನಡು ಇರುವುದು ಫೋನಿನ ಫೈಲಿನಲ್ಲಿ. ಅದನ್ನು ಒತ್ತಿದರೆ ಕಂಪ್ಯೂಟರ್ ಟಣ್ ಎಂದು ಸದ್ದು ಮಾಡಿ ಕೆಂಪು ಗುರುತು ತೋರಿಸಿತು.

"ಇದು ಒಲ್ಲೆ ಅಂತದ ನೋಡ್ರಿ ಅಮ್ಮಾರ."

ನಾನು ಅದನ್ನೇ ಒಳಕ್ಕೆ ಕಿರುಚಿದೆ. ಒಳಗಿಂದ ಮಗಳು ಕೂಗಿದಳು: "ಫೈಲಿನ ಹೆಸರಿನ ಕೊನೇಲಿ ಚುಕ್ಕಿ ಆದ್ಮೇಲೆ ಏನಿದೆ ನೋಡಮ್ಮ!"

ಮಹಡಿಯವಳು ಅಷ್ಟು ಹೊತ್ತಿಗೆ ತನ್ನ ಮಗ ಮೆಟ್ಟಿಲ ಮೇಲೆ ಬಿದ್ದು ಅತ್ತನೆಂದು ಓಡಿದ್ದಳು. ನಾನೇ ಕನ್ನಡಕ ಹಾಕಿಕೊಂಡು ನೋಡಿದೆ. ಇಂಗ್ಲಿಷ್ ಅಂಕಿ ಬಸ್ಸಿನ ದೆಸೆಯಿಂದ ಗೊತ್ತು. ಅಕ್ಷರ ಗೊತ್ತಿಲ್ಲ.

"ಒಂದು ಮೂರೈತೆ ಕಣೇ! ಅದ್ರ ಪಕ್ಕ ಕುಡುಗೋಲು! ಅದ್ರ ಪಕ್ಕ ನಿಲ್ಸಿರೋ ಸೌಟು!"

 ಒಳಗಿಂದ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕ ಸದ್ದು. "ತ್ರೀಜಿಪಿ ಅಮ್ಮ! ಅದು ಫೋನಿನ ಫಾರ್ಮ್ಯಾಟ್. ನಮ್ ಸಾಫ್ಟ್‌ವೇರ್ ಅದನ್ನ ತಗೊಳಲ್ಲ." ನಗಬೇಡ, ಹೊಲಿಗೆ ಬಿಚ್ಚೀತು ಎಂದು ನಾನು ಬೈದೆ. ಆದರೆ ಒಳಗೊಳಗೇ ಹಿಗ್ಗಿದೆ. ಕುಡುಗೋಲು, ಸೌಟು ಅಂದದ್ದಕ್ಕೇ ಆ ಹುಡುಗಿ ಗೋಡೆಯಾಚೆಯಿಂದಲೇ ಫೈಲಿನ ರೋಗ ಕಂಡುಹಿಡಿದುಬಿಟ್ಟಳಲ್ಲ!

ಮಹಡಿಯವಳು ವಾಪಸು ಬಂದು ತಾನೇ ಒಂದು ಉಪಾಯ ಮಾಡಿದಳು. ಕ್ಯಾಮೆರಾದ ಫೈಲಿನ ಬಾಲದಲ್ಲಿ ಬೇರೆ ಮೂರಕ್ಷರ ಇತ್ತಲ್ಲ, ಅದನ್ನೇ ಇದರ ಬಾಲಕ್ಕೂ ಬರೆದಳು. "ಈಗ ಎರಡೂ ಒಂದs ಜಾತಿ ಆದ್ವಲ್ರಿ, ಹೆಂಗ್ ಒಲ್ಲೆ ಅಂತದ ನೋಡೇಬಿಡೋಣ" ಅಂದಳು. ಟಣ್. ಮತ್ತೆ ಅದೇ ಕೆಂಪು.

ನಾನು ಒಳಗೆ ಹೋಗಿ ವರದಿ ಒಪ್ಪಿಸಿದೆ. "ಅಯ್ಯೋ ಅಮ್ಮ, ಉಪ್ಪಿನ ಡಬ್ಬಕ್ಕೆ ಸಕ್ಕರೆ ಅಂತ ಚೀಟಿ ಅಂಟಿಸಿದ್ರೆ ಒಳಗಿರೋದು ಸಕ್ಕರೆ ಆಗತ್ತಾ? ಒಳಗಿಂದೇ ಬದಲಾಯಿಸ್ಬೇಕು. ಅದಕ್ಕೆ ಕನ್ವರ್ಟರ್ ಬೇಕು."

ಆಗ ನನಗೆ ತಿಳಿಯಿತು. ರಾಗಿ ಬೀಸುವ ಮಿಲ್ಲಿನವನು ಮೆಣಸಿನಕಾಯಿ ಹಾಕಗೊಡುವುದಿಲ್ಲ. ಎಷ್ಟು ಬೇಡಿದರೂ ಇಲ್ಲ. ಅದಕ್ಕೆ ಬೇರೆ ಮಿಲ್ಲು, ಬೇರೆ ಕಲ್ಲು. ಮಿಷನ್ನು ಕೆಟ್ಟದ್ದಲ್ಲ, ಕಾಳೂ ಕೆಟ್ಟದ್ದಲ್ಲ. ಒಂದಕ್ಕೊಂದು ಒಗ್ಗದು, ಅಷ್ಟೇ. ನಮ್ಮ ಅತ್ತೆ ಅಲ್ಲೇ ಇದ್ದಾರೆ, ಆ ಸೀಡಿ ತಟ್ಟೆಯೊಳಗೆ, ಹಾಡುತ್ತಲೇ ಇದ್ದಾರೆ. ಕಿವಿಗೆ ಸಿಗುತ್ತಿಲ್ಲ.

ಮಹಡಿಯವಳು ಸೈಬರ್ ಸೆಂಟರಿಗೆ ಹೋಗಿ ಮಗಳು ಹೇಳಿದ ಕನ್ವರ್ಟರನ್ನು ಹೆಬ್ಬೆರಳಿನಷ್ಟು ಸಣ್ಣ ಕಡ್ಡಿಯಲ್ಲಿ ತುಂಬಿಸಿಕೊಂಡು ಬಂದಳು. ಒಂದು ಇಡೀ ಮಿಲ್ಲನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದ ಹಾಗೆ! ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ಮೆಲ್ಲಗೆ ಬೆಳೆಯತೊಡಗಿತು. ನಾನು ಎದುರಿಗೆ ಕೂತು ಹಾಲುಕ್ಕುವುದನ್ನು ಕಾಯುವ ಹಾಗೆ ಕಾದೆ. ಯಜಮಾನರು ಹಾದುಹೋಗುತ್ತ, "ಬಾಣಂತಿಗೆ ಮೆಣಸಿನ ಸಾರು ಇಲ್ಲ, ನನಗೆ ಕಾಫಿ ಇಲ್ಲ, ಎಲ್ಲಾ ಸೇವೆ ಕಂಪ್ಯೂಟರ್ಗೇನಾ?" ಅಂದರು.

"ನಿಮ್ಮವ್ವ ಬರ್ತಾವ್ರೆ, ಸುಮ್ನೆ ಕೂತ್ಕೊಳಿ" ಅಂದೆ. ಅವರು ನಿಜಕ್ಕೂ ಬಂದು ಕೂತರು.

ಪಟ್ಟಿ ತುಂಬಿತು. ಈ ಸಲ ಫೈಲು ಒಳಗೆ ಹೋಯಿತು. ಚಿತ್ರ ಬಂತು. ಅತ್ತೆ ಗುಂಡುಕಲ್ಲಿಗೆ ಕುಲಾವಿ ಹಾಕಿ ಶಾಸ್ತ್ರಕ್ಕೆ ಮೊದಲು ಅದನ್ನು ತೊಟ್ಟಿಲಿಗೆ ಇಟ್ಟು ತೆಗೆಯುತ್ತಾರೆ, ಆಮೇಲೆ ಮಗುವನ್ನು ಮಲಗಿಸುತ್ತಾರೆ. ಬಾಯಿ ತೆರೆಯುತ್ತಾರೆ. ಸದ್ದಿಲ್ಲ. ಚಿತ್ರವಷ್ಟೇ. ಯಜಮಾನರು ಮೆಲ್ಲಗೆ, "ಆಗ ಗಂಡ್ಸು ಹಾಡಿದ್ದ, ಈಗ ಅವನೂ ಬಿಟ್ಟು ಹೋದ" ಅಂದರು. ನಗಲಿಕ್ಕೆ ಹೊರಟವಳು ಎದ್ದು ಮಗಳ ರೂಮಿಗೆ ನಡೆದೆ.

ಮಗಳಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಚಿತ್ರ ಬೇರೆ, ಸದ್ದು ಬೇರೆ ಅಮ್ಮ. ಒಂದೇ ಫೈಲಲ್ಲಿದ್ರೂ ಬೇರೆ ಬೇರೆ ಥರ ಕಟ್ಟಿಟ್ಟಿರ್ತಾರೆ. ಚಿತ್ರದ ಗಂಟು ಬಿಚ್ಚಿದೆ, ಸದ್ದಿನ ಗಂಟು ಬಿಚ್ಚಿಲ್ಲ. ಆಡಿಯೋ ಅಂತ ಒಂದು ಜಾಗ ಇದೆ, ಅದಕ್ಕೂ ಟಿಕ್ ಹಾಕಿ ಮತ್ತೆ ಮಾಡೋಕೆ ಹೇಳು."

ಮುಖ ಒಂದು ಗಂಟು, ದನಿ ಒಂದು ಗಂಟು. ಇಷ್ಟು ದಿನ ನಾನು ಮನುಷ್ಯನ ಮುಖವೂ ದನಿಯೂ ಒಟ್ಟಿಗೇ ಇರುತ್ತವೆ ಎಂದುಕೊಂಡಿದ್ದೆ. ಅವೆರಡನ್ನೂ ಬೇರೆ ಮಾಡಿ ಕಟ್ಟಿ, ಮತ್ತೆ ತುಟಿಗೆ ಸರಿಯಾಗಿ ಮಾತು ಕೂರಿಸುವ ತಲೆ ಯಾರದಪ್ಪಾ! ಅವರ ಹೊಟ್ಟೆ ತಣ್ಣಗಿರಲಿ.

ಹಸಿರು ಪಟ್ಟಿ ಮತ್ತೆ ಹೊರಟಿತು, ಮತ್ತೆ ತುಂಬಿತು. ಮಹಡಿಯವಳು ಒತ್ತಿದಳು. ಕುಕ್ಕರಿನ ಸೀಟಿಯ ಸದ್ದು, ಯಾರೋ ಪಾತ್ರೆ ಇಟ್ಟ ಸದ್ದು, ಅದರ ಮೇಲೆ ತೇಲಿಕೊಂಡು ಅತ್ತೆಯ ದನಿ ಬಂತು. ಯಜಮಾನರು ಕೈಯಲ್ಲಿದ್ದ ಪೇಪರನ್ನು ನೆಲದ ಮೇಲಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಸ್ಕೂಲಿಗೆ ಹೊಸದಾಗಿ ಸೇರಿದ ಹುಡುಗ ಕೂತ ಹಾಗೆ.

ಯಾರ ಹೊಲದ ತೆನೆ ಬಂತು ಎಂದು ಹಾಡು ಕೇಳುತ್ತದೆ. ಯಾವ ಕೆರೆಯ ನೀರು ಕುಡಿದು ಬೆಳೆಯಿತು ಎಂದು ಕೇಳುತ್ತದೆ. ನಾನು ಒಲೆ ಮುಂದೆ ಕೂತು ಕಳೆದುಕೊಂಡ ಸಾಲುಗಳೆಲ್ಲ ಒಂದೊಂದಾಗಿ ಬಂದವು. ನಾನು ತುಟಿ ಅಲ್ಲಾಡಿಸುತ್ತ ಹಿಂದೆಯೇ ಹೋದೆ. ಮಹಡಿಯವಳು ಮಗಳನ್ನು ಕೇಳಿಕೊಂಡು ಬಂದು ಆ ಎರಡೂ ಫೈಲನ್ನು ಒಂದರ ಪಕ್ಕ ಒಂದು ತಂದು ಅಂಚಿಗೆ ಅಂಚು ಕೂರಿಸಿದಳು, ಸೀರೆಗೆ ಕುಚ್ಚು ಕಟ್ಟುವವರ ಹಾಗೆ. ಈಗ ಹಾಡು ಮೊದಲಿಂದ ಕೊನೆಯವರೆಗೆ ಒಂದೇ ಓಟ ಎಂದುಕೊಂಡೆ.

ಓಡಿಸಿದೆವು. ತೆನೆ ಬಾಗಿಲಿಗೆ ಬರುತ್ತದೆ. ಇನ್ನೇನು ಹೆಸರು ಕೂಗಬೇಕು. ಫೋನಿನ ಫೈಲು ಮುಗಿಯಿತು. ಕ್ಯಾಮೆರಾದ ಫೈಲು ಶುರುವಾಯಿತು. ಅಷ್ಟರಲ್ಲಿ ಹೆಸರಿಟ್ಟು ಆಗಿಹೋಗಿದೆ, ಅತ್ತೆ ನಿದ್ದೆಯ ಸಾಲಿಗೆ ಬಂದುಬಿಟ್ಟಿದ್ದಾರೆ.

"ಫೋನ್ ತುಂಬಿ ಬಂದ್ ಆತ್ರಿ. ಅವ್ರು ಕ್ಯಾಮೆರಾ ಚಾಲೂ ಮಾಡೂದ್ರಾಗ ಆ ಸಾಲು ಹೋಗೇತಿ" ಅಂದಳು ಮಹಡಿಯವಳು, ಸಣ್ಣ ದನಿಯಲ್ಲಿ.

"ನೀನು ಅಲ್ಲೇ ಇದ್ಯಲ್ಲಮ್ಮ, ನಿನ್ ಮಗನ ತೊಟ್ಟಿಲು! ನೆನಪಿಲ್ವಾ?"

"ನನ್ನ ಕಿವ್ಯಾಗ ಹತ್ತಿ ಇತ್ತಲ್ರೀ ಅಮ್ಮಾರ! ನಿಮ್ಮ ಅತ್ತಿಯವರs ತುರುಕಿದ್ರು, ಗುಡುಗಿದ್ರೂ ಕೇಳಬಾರದು ಹಂಗ!"

ಯಾವ ಕನ್ವರ್ಟರ್ ಹಾಕಿದರೂ ಹಿಡಿಯದೇ ಹೋದದ್ದು ಬರುವುದಿಲ್ಲ. ಅಷ್ಟು ನನಗೂ ತಿಳಿಯುತ್ತಿತ್ತು. ಶುಕ್ರವಾರ ನಾಳೆ. ಎಲ್ಲ ಇದೆ, ಮಗುವಿನ ಹೆಸರು ಕೂರುವ ಸಾಲೊಂದಿಲ್ಲ.

ಹತ್ತಿ ಎಂಬ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ನನ್ನ ಚಿಕ್ಕ ಮಗಳು ಸಣ್ಣವಳಿದ್ದಾಗ ಮಲಗುತ್ತಿದ್ದದ್ದು ಅಜ್ಜಿಯ ಪಕ್ಕದಲ್ಲಿ, ಅಜ್ಜಿಯ ಸೆರಗು ಹಿಡಿದುಕೊಂಡು. ದೊಡ್ಡವಳ ಮಕ್ಕಳ ತೊಟ್ಟಿಲು ತೂಗುವಾಗಲೂ ಅಜ್ಜಿಯ ತೊಡೆಗೆ ಒರಗಿ ಕೂತಿರುತ್ತಿದ್ದಳು. ಗೊತ್ತಿದ್ದರೆ ಅವಳಿಗೇ ಗೊತ್ತಿರಬೇಕು. ಮೊದಲೇ ಕೇಳಿದ್ದೆ, "ನೆನಪಿಲ್ಲಮ್ಮ" ಅಂದಿದ್ದಳು. ಆದರೆ ಅಜ್ಜಿಯ ದನಿಯನ್ನು ಅವಳಿನ್ನೂ ಕೇಳಿಯೇ ಇಲ್ಲವಲ್ಲ! ಇಷ್ಟು ಹೊತ್ತು ಹೊರಗೆ ಅಷ್ಟು ಹಾಡಾಗಿದೆ, ಒಳಗೆ ಅವಳಿಗೆ ಮುಟ್ಟಿಲ್ಲ. ಮುಟ್ಟದ ಹಾಗೆ ತುರುಕಿದವಳು ನಾನು.

ಒಳಗೆ ಹೋಗಿ ಮಗಳ ಎರಡೂ ಕಿವಿಯ ಹತ್ತಿ ತೆಗೆದೆ.

"ಏನಮ್ಮ ಇದು, ಗಾಳಿ ಹೊಗಲ್ವಾ?"

"ಹೊಕ್ಕರೆ ಹೊಗ್ಲಿ, ಬಾ."

ಶಾಲು ಹೊದಿಸಿ ಹಾಲಿಗೆ ಕರೆತಂದೆ. ಕಣ್ಣಿನ ಭಯ ಬಿಟ್ಟಿರಲಿಲ್ಲ, ಅದಕ್ಕೇ ಪರದೆಗೆ ಬೆನ್ನು ಮಾಡಿ ಕೂರಿಸಿದೆ. ಮಗುವನ್ನು ಅವಳ ತೊಡೆಯ ಮೇಲೆ ಹಾಕಿ, "ಕಣ್ ಮುಚ್ಕೊ, ಸುಮ್ನೆ ಕೇಳು" ಅಂದೆ. ಮಹಡಿಯವಳು ಹಾಡನ್ನು ಮೊದಲಿಂದ ಬಿಟ್ಟಳು.

ಅತ್ತೆಯ ದನಿ ಕೇಳಿದ್ದೇ ಮಗಳ ತೊಡೆ ತಾನಾಗಿ ತೂಗತೊಡಗಿತು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಬಾಣಂತಿ ಅಳಬಾರದು ಎನ್ನಲಿಕ್ಕೆ ಬಾಯಿ ತೆರೆದೆ, ಯಜಮಾನರು ಕೈ ಹಿಡಿದು ನಿಲ್ಲಿಸಿದರು. ತೆನೆ ಬಾಗಿಲಿಗೆ ಬಂತು. ಫೋನಿನ ಫೈಲು ತುಂಡಾಯಿತು, ಮಹಡಿಯವಳು ಅಲ್ಲಿಗೇ ನಿಲ್ಲಿಸಿದಳು. ಮಗಳು ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡೇ, ಅದೇ ಎಳೆತದಲ್ಲಿ ಮುಂದಕ್ಕೆ ಹಾಡಿಬಿಟ್ಟಳು:

"ಹಾಲ್ದುಂಬಿದ ತೆನೆಯೊಂದು ಹೊಸಲಾಚೆ ನಿಂತೈತೆ, ಹೆಸರ್ಹಿಡಿದು ಒಳಗೆ ಕರೆಯಿರೇ..."

ಹಾಡಿ ಮುಗಿಸಿ ತಾನೇ ಬೆಚ್ಚಿ ಕಣ್ಣು ಬಿಟ್ಟಳು. "ಅಮ್ಮ, ಇದು ನಂಗೆ ಗೊತ್ತೇ ಇರ್ಲಿಲ್ಲ!" ಅಂದಳು.

ಗೊತ್ತಿಲ್ಲದೆಯೇ ಗೊತ್ತಿತ್ತು. ಆ ಕಂಪ್ಯೂಟರನ್ನು ನೋಡಿ ನಾನು ಎಷ್ಟು ಬೆರಗಾಗಿದ್ದೆನೋ ಅದರ ನೂರು ಪಾಲು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳನ್ನು ನೋಡಿ ಬೆರಗಾದೆ. ಆ ಸಾಲು ಇಷ್ಟು ವರ್ಷ ಅವಳೊಳಗೆ ಎಲ್ಲಿ, ಯಾವ ರೂಪದಲ್ಲಿ ಕೂತಿತ್ತೋ. ಕೇಳಿದರೆ ಬರಲಿಲ್ಲ. ಅಜ್ಜಿ ಹಿಂದಿನ ಸಾಲು ಹೇಳಿಕೊಟ್ಟ ಮೇಲೆ ಬಂತು.

ಮಹಡಿಯವಳು ಆ ಸಾಲನ್ನು ಮಗಳಿಂದ ಮೈಕಿನಲ್ಲಿ ಹಾಡಿಸಿ, ಎರಡು ಫೈಲಿನ ನಡುವೆ ಸಂದು ಮಾಡಿ ಅಲ್ಲಿ ಕೂರಿಸಿದಳು. ಆ ಸಾಲು ಹಾಡುವಷ್ಟು ಹೊತ್ತು ತೋರಿಸಲು ಚಿತ್ರ ಬೇಕಲ್ಲ, ಮಗುವಿನ ಮುಷ್ಟಿಯ ಫೋಟೋ ಹಾಕಿದಳು. ಹಾಡು ಅಜ್ಜಿಯಲ್ಲಿ ಶುರುವಾಗಿ, ಮೊಮ್ಮಗಳಾದ ನನ್ನ ಮಗಳಲ್ಲಿ ಹಾದು, ಅಜ್ಜಿಯಲ್ಲಿ ಮುಗಿಯುತ್ತಿತ್ತು.

ಶುಕ್ರವಾರ ಹೆಂಗಸರೆಲ್ಲ ಕೂತ ಮೇಲೆ ಮೊದಲು ಅದನ್ನು ಟೀವಿಗೆ ಹಾಕಿದೆವು. ಅತ್ತೆಯನ್ನು ಬಲ್ಲವರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಟೀವಿ ಆರಿಸಿ ನಾನು ಹಗ್ಗ ಹಿಡಿದೆ. ಆವತ್ತು ಗುಗ್ಗರಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವರು ನಮ್ಮ ಯಜಮಾನರು. ಗುಂಡುಕಲ್ಲನ್ನು ಇಟ್ಟು ತೆಗೆದು, ಮಗುವನ್ನು ಮಲಗಿಸಿ ಹಾಡಿದೆ. ತಲೆಯಿಂದ ಬಾಲದವರೆಗೆ, ನಡುವನ್ನೂ ಸೇರಿಸಿ. ಹೆಸರ್ಹಿಡಿದು ಕರೆಯಿರೇ ಎನ್ನುವಲ್ಲಿ ಎಲ್ಲರೂ ದನಿ ಸೇರಿಸಿ ನನ್ನ ಮೊಮ್ಮಗಳ ಹೆಸರು ಕೂಗಿದರು, ಎಲ್ಲರಿಗಿಂತ ಜೋರಾಗಿ ಮಹಡಿಯವಳು.

ಮಗಳ ಕಿವಿಗೆ ಬೆಳಿಗ್ಗೆಯೇ ಹೊಸ ಹತ್ತಿ ಇಡಲು ಹೋಗಿದ್ದೆ. "ಹಾಡು ಮುಗೀಲಿ, ಆಮೇಲೆ ಇಡು" ಅಂದಿದ್ದಳು, ಅದಕ್ಕೇ ತೊಟ್ಟಿಲ ಬಟ್ಟೆಯ ಅಂಚಿನಲ್ಲಿ ಇಟ್ಟಿದ್ದೆ. ಆರತಿ ಆದ ಮೇಲೆ ನೆನಪಾಗಿ ಹುಡುಕಿದರೆ ನಾನಿಟ್ಟ ಜಾಗದಲ್ಲಿ ಹತ್ತಿ ಇರಲಿಲ್ಲ. ತೊಟ್ಟಿಲಲ್ಲಿ ಹೊಸ ಹೆಸರಿನವಳು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿದ್ದೆ ಹೋಗಿದ್ದಳು. ಬಿಡಿಸಲು ಮನಸ್ಸಾಗಲಿಲ್ಲ.